ಲೋಹದ ಹರಳಿನಲ್ಲಿ ಜಾರುವ ಪದರಗಳು

ನುಣ್ಣಗೆ ಉಜ್ಜಿ ಹೊಳಪು ಕೊಟ್ಟ ಲೋಹದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಳೆದರೆ ಏನಾಗುತ್ತದೆ? 1899ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ಯೂಯಿಂಗ್ ಮತ್ತು ರೋಸೆನ್‌ಹೈನ್ ಹಾಗೆ ಎಳೆದು ನೋಡಿದರು. ಒಂದು ಮಿತಿ ದಾಟಿದ್ದೇ ತಡ, ಲೋಹದ ಒಂದೊಂದು ಕಣದ, ಅಂದರೆ ಪುಟ್ಟ ಹರಳಿನ, ಮೇಲೂ ಸಣ್ಣ ಕಪ್ಪು ಗೆರೆಗಳು ಮೂಡಿದವು. ಒಂದೇ ಕಣದೊಳಗೆ ಅವು ಸಮಾಂತರವಾಗಿದ್ದವು; ಪಕ್ಕದ ಕಣಕ್ಕೆ ಹೋದರೆ ದಿಕ್ಕು ಬೇರೆ. ಬೆಳಕನ್ನು ಓರೆಯಾಗಿ ಬಿಟ್ಟಾಗ ಕಪ್ಪು ಗೆರೆಗಳೇ ಬೆಳ್ಳಗೆ ಹೊಳೆದವು. ಹಾಗಾದರೆ ಅವು ಬಿರುಕುಗಳಲ್ಲ, ಮೆಟ್ಟಿಲುಗಳು! ಹರಳಿನ ಒಂದು ಪದರ ಇನ್ನೊಂದರ ಮೇಲೆ ಜಾರಿ ಬಿಟ್ಟುಹೋದ ಗುರುತುಗಳು.

ಯಾವ ಪದರ, ಯಾವ ದಿಕ್ಕಿಗೆ ಎಂದು ಹೇಳಲು ಎಕ್ಸ್-ರೇ ಬೇಕಾಯಿತು. ತುಂಡು ಪೂರ್ತಿ ಒಂದೇ ಹರಳಾಗಿರುವ ಮಾದರಿಗಳೂ ಬೇಕಾದವು. 1920ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಮಾರ್ಕ್, ಪೊಲಾನ್ಯಿ, ಸ್ಮಿಡ್ ಸತುವಿನ ಏಕಹರಳುಗಳನ್ನು ಎಳೆದರು. ದುಂಡಗಿನ ತಂತಿ ಚಪ್ಪಟೆ ಪಟ್ಟಿಯಾಗಿ ಉದ್ದವಾಯಿತು. ಎಳೆತದ ಬಲದಲ್ಲಿ ಜಾರುವ ಪದರದ ಮೇಲೆ, ಜಾರುವ ದಿಕ್ಕಿನಲ್ಲಿ ಬೀಳುವ ಪಾಲು ಒಂದು ನಿರ್ದಿಷ್ಟ ಬೆಲೆ ಮುಟ್ಟಿದಾಗ ಮಾತ್ರ ಜಾರುವಿಕೆ ಶುರುವಾಗುತ್ತದೆಂದು ಸ್ಮಿಡ್ 1924ರಲ್ಲಿ ತೋರಿಸಿದರು. ಇಂಗ್ಲೆಂಡಿನಲ್ಲಿ ಜೆಫ್ರಿ ಟೇಲರ್ ಮತ್ತು ಕಾನ್‌ಸ್ಟನ್ಸ್ ಈಲಮ್ 1923ರಲ್ಲೇ ಅಲ್ಯೂಮಿನಿಯಂ ಹರಳಿನ ಜಾರುವಿಕೆಯನ್ನು ಕರಾರುವಾಕ್ಕಾಗಿ ಅಳೆದಿದ್ದರು. ಈ ಚರಿತ್ರೆಯಲ್ಲಿ ಈಲಮ್ ಅವರ ಹೆಸರು ಸಲ್ಲಬೇಕಾದಷ್ಟು ಕೇಳಿಬರುವುದಿಲ್ಲ, ಅದು ಅನ್ಯಾಯವೇ.

ಪದರಗಳ ಲೆಕ್ಕ ಕೈಗಾರಿಕೆಗೂ ನೇರವಾಗಿ ತಟ್ಟುತ್ತದೆ. ತಾಮ್ರ, ಅಲ್ಯೂಮಿನಿಯಂಗಳಲ್ಲಿ ಜಾರಲು 12 ದಾರಿಗಳಿವೆ. ತಂತಿಯೆಳೆಯಲು, ತಗಡು ಬಡಿಯಲು ಅವು ಒಗ್ಗುತ್ತವೆ. ಮೆಗ್ನೀಸಿಯಂನಲ್ಲಿ ಸುಲಭವಾಗಿ ಜಾರುವುದು ಒಂದೇ ಬಗೆಯ ಪದರ, ಅದರಲ್ಲಿ ಮೂರೇ ದಿಕ್ಕು. ಅದಕ್ಕೇ ಅದನ್ನು ಬಿಸಿ ಮಾಡಿ ರೂಪಿಸುತ್ತಾರೆ.

ಅಷ್ಟರಲ್ಲಿ ದೊಡ್ಡ ಬಿಕ್ಕಟ್ಟೊಂದು ಎದುರಾಯಿತು. ಒಂದು ಪದರದ ಪರಮಾಣುಗಳೆಲ್ಲ ಒಟ್ಟಿಗೆ ಜಾರಲು ಎಷ್ಟು ಬಲ ಬೇಕೆಂದು 1926ರಲ್ಲಿ ಯಾಕೊವ್ ಫ್ರೆಂಕೆಲ್ ಲೆಕ್ಕ ಹಾಕಿದರು. ನಿಜವಾದ ಹರಳುಗಳು ಅದರ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಬಲಕ್ಕೆ ಮಣಿಯುತ್ತಿದ್ದವು.

ಉತ್ತರ 1934ರಲ್ಲಿ ಮೂರು ಕಡೆಯಿಂದ ಬಂತು: ಟೇಲರ್, ಪೊಲಾನ್ಯಿ, ಒರೊವಾನ್. ಒರೊವಾನ್ ಬರ್ಲಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕೈಯಲ್ಲಿದ್ದ ಒಂದೇ ಸತುವಿನ ಹರಳು ನೆಲಕ್ಕೆ ಬಿದ್ದು ಬಾಗಿತ್ತು. ನೆಟ್ಟಗೆ ಮಾಡಿ ಎಳೆದಾಗ ಅದು ಜರ್ಕು ಜರ್ಕಾಗಿ ಉದ್ದವಾದದ್ದು ಅವರನ್ನು ಯೋಚನೆಗೆ ಹಚ್ಚಿತು. ಮೂವರೂ ಹೇಳಿದ್ದು ಒಂದೇ: ಪದರ ಇಡಿಯಾಗಿ ಜಾರುವುದಿಲ್ಲ. ಪರಮಾಣು ಸಾಲುಗಳ ಜೋಡಣೆ ತಪ್ಪಿದ ಒಂದು ಗೆರೆ, ಅಂದರೆ ಡಿಸ್‌ಲೊಕೇಶನ್, ಪದರದುದ್ದಕ್ಕೂ ಸಾಗುತ್ತದೆ. ದೊಡ್ಡ ಜಮಖಾನವನ್ನು ಇಡಿಯಾಗಿ ಎಳೆಯುವ ಬದಲು ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ಅದನ್ನೇ ಇನ್ನೊಂದು ತುದಿಗೆ ತಳ್ಳಿದ ಹಾಗೆ.

ಮೆತ್ತನೆಯ ಗುಣಕ್ಕೆ ಕಾರಣವಾದ ಈ ದೋಷವೇ ಗಟ್ಟಿತನಕ್ಕೂ ಕಾರಣ. ಕಾಸಿ ಆರಿಸಿದ ತಾಮ್ರದ ತಂತಿಯನ್ನು ಬಾಗಿಸಿ ಮತ್ತೆ ನೆಟ್ಟಗೆ ಮಾಡಲು ಹೋದರೆ ಎರಡನೇ ಸಲ ಕೈಗೆ ಬಿಗಿ ತಿಳಿಯುತ್ತದೆ. ಕಾಸಿದ ಲೋಹದ ಚದರ ಸೆಂಟಿಮೀಟರಿನಲ್ಲಿ 10 ಲಕ್ಷದ ಆಸುಪಾಸಿನಲ್ಲಿರುವ ಡಿಸ್‌ಲೊಕೇಶನ್‌ಗಳು ಜೋರಾಗಿ ಬಡಿದ ಮೇಲೆ 10,000 ಕೋಟಿ ದಾಟಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅವು ಹುಟ್ಟಿ ಹೆಚ್ಚುವ ಬಗೆಯನ್ನು ಫ್ರಾಂಕ್ ಮತ್ತು ರೀಡ್ 1950ರಲ್ಲಿ ವಿವರಿಸಿದರು. ಕಣಗಳು ಚಿಕ್ಕದಾದಷ್ಟೂ ಲೋಹ ಗಟ್ಟಿ ಎಂಬ ನಿಯಮವನ್ನು ಹಾಲ್ ಮತ್ತು ಪೆಚ್ ಅದೇ ಕಾಲದಲ್ಲಿ ಕಂಡುಕೊಂಡರು. ಬೆಲ್ ಲ್ಯಾಬ್ಸ್‌ನ ಹೆರಿಂಗ್ ಮತ್ತು ಗಾಲ್ಟ್ 1952ರಲ್ಲಿ ಪರೀಕ್ಷಿಸಿದ, ಈ ದೋಷ ಇಲ್ಲವೆನ್ನುವಷ್ಟು ಕಡಿಮೆಯಿದ್ದ, ಕೂದಲಿಗಿಂತ ಸಣ್ಣ ತವರದ ಎಳೆಗಳು ಸಿದ್ಧಾಂತ ಹೇಳಿದ ಬಲದ ಹತ್ತಿರಕ್ಕೇ ಬಂದವು.

ಇಷ್ಟಾದರೂ ಡಿಸ್‌ಲೊಕೇಶನ್‌ ಓಡುವುದನ್ನು ಲೋಹದೊಳಗೆ ಯಾರೂ ಕಂಡಿರಲಿಲ್ಲ. 1956ರಲ್ಲಿ ಕೇಂಬ್ರಿಜ್‌ನ ಹಿರ್ಷ್, ಹಾರ್ನ್, ವೀಲನ್ ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಕಪ್ಪು ಗೆರೆಗಳು ಪರದೆಯ ಮೇಲೆ ಸರಿದಾಡಿದವು. ಇಪ್ಪತ್ತೆರಡು ವರ್ಷ ಕಾಗದದ ಮೇಲಿದ್ದ ಕಲ್ಪನೆ ಕಣ್ಣೆದುರು ಓಡಾಡಿದ ಆ ಕ್ಷಣ ಲೋಹಶಾಸ್ತ್ರದ ಅತ್ಯಂತ ರೋಮಾಂಚಕ ಘಳಿಗೆಗಳಲ್ಲೊಂದು.

2004ರಲ್ಲಿ ಅಮೆರಿಕದ ಸಂಶೋಧಕರು ಅಯಾನು ಕಿರಣದಿಂದ ನಿಕಲ್ ಹರಳಿನಲ್ಲಿ ಕೆಲವೇ ಮೈಕ್ರಾನ್ ದಪ್ಪದ ಕಂಬಗಳನ್ನು ಕೆತ್ತಿ ಒತ್ತಿ ನೋಡಿದರು. ಕಂಬ ಸಣ್ಣದಾದಂತೆ ಅದನ್ನು ಮಣಿಸಲು ಬೇಕಾದ ಬಲ ಏರಿತು. ಅಷ್ಟು ಇಕ್ಕಟ್ಟಿನಲ್ಲಿ ಡಿಸ್‌ಲೊಕೇಶನ್ ಹುಟ್ಟುವ ತಾಣಗಳೇ ಕಡಿಮೆ. ಹುಟ್ಟಿದವೂ ಬೇಗ ಹೊರಮೈ ತಲುಪಿ ಹೊರಬಿದ್ದುಹೋಗುತ್ತವೆ.