‘ದಿ’ ಬಿಟ್ಟು ಓದಿ: ಲೈಬ್ರರಿ ಟೇಬಲ್ ಸಾರ್ಟಿಂಗ್‌ನ ಕಥೆ

ಲೈಬ್ರರಿ ವೆಬ್‌ಸೈಟ್‌ಗೆ ಲಾಗಿನ್ ಆದ್ರೆ ನಾವು ತಂದಿರೋ ಪುಸ್ತಕಗಳ ಟೇಬಲ್ ಕಾಣುತ್ತೆ: ಹೆಸರು, ಲೇಖಕರು, ವಾಪಸ್ ಕೊಡಬೇಕಾದ ದಿನ. ಕಾಲಂ ಹೆಡಿಂಗ್ ಮೇಲೆ ಕ್ಲಿಕ್ ಮಾಡಿದ್ರೆ ಸಾಲುಗಳು ಹೊಸ ಕ್ರಮಕ್ಕೆ ಬರುತ್ವೆ. ಅರ್ಧ ದಿನದ ಕೆಲಸ ಅನ್ಸುತ್ತೆ, ಅಲ್ವಾ? ಕೋಹಾದ ಕೋಡ್ ತೆರೆದು ನೋಡೋವರೆಗೂ ನನಗೂ ಹಾಗೇ ಅನಿಸಿತ್ತು.

ಕೋಹಾ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ. ಹೊರೊಫೆನುವಾ ಲೈಬ್ರರಿ ಟ್ರಸ್ಟ್‌ನ ಹಳೇ ಸಾಫ್ಟ್‌ವೇರ್ ವೈಟುಕೆ ದಾಟುವಂತಿರಲಿಲ್ಲ. ಕಟಿಪೊ ಎಂಬ ಕಂಪನಿ 1999ರಲ್ಲಿ ಹೊಸದನ್ನು ಬರೆಯಿತು; 2000ದ ಜನವರಿಯಲ್ಲಿ ಅದು ಚಾಲೂ ಆಯಿತು. ಮಾವೊರಿ ಭಾಷೆಯಲ್ಲಿ ಕೋಹಾ ಅಂದ್ರೆ ಕಾಣಿಕೆ. ಹೆಸರಿಗೆ ತಕ್ಕಂತೆ ಸೋರ್ಸ್ ಕೋಡನ್ನೂ ಜಿಪಿಎಲ್ ಅಡಿ ಎಲ್ಲರಿಗೂ ಕೊಟ್ಟುಬಿಟ್ಟರು. ಕರ್ನಾಟಕದ ಎಷ್ಟೋ ಕಾಲೇಜು ಲೈಬ್ರರಿಗಳು ಇವತ್ತು ಓಡ್ತಿರೋದು ಇದರ ಮೇಲೇ.

ಅಕೌಂಟ್ ಪುಟದ ಟೇಬಲ್‌ಗಳಿಗೆ ಮೊದಲು ಟೇಬಲ್‌ಸಾರ್ಟರ್, ಆಮೇಲೆ ಡೇಟಾಟೇಬಲ್ಸ್ ಬಂತು. ಎರಡೂ ಜೆಕ್ವೆರಿ ಪ್ಲಗಿನ್‌ಗಳೇ, ಸಾರ್ಟಿಂಗ್ ನಡೆಯೋದು ಬ್ರೌಸರ್‌ನಲ್ಲಿ. ಬ್ರೌಸರ್‌ಗೆ ಕಾಣೋದು ಬರೀ ಪರದೆ ಮೇಲಿನ ಅಕ್ಷರ. ದಿನಾಂಕವನ್ನೂ ಅಕ್ಷರ ಅಂತ ಓದಿದ್ರೆ 02/12/2012, 15/03/2012ಕ್ಕಿಂತ ಮೊದಲು ಬಂದು ಕೂರುತ್ತೆ. ಡಿಸೆಂಬರ್ ಮೇಲೆ, ಮಾರ್ಚ್ ಕೆಳಗೆ! ಅದನ್ನ ನಂಬಿದವನು ದಂಡ ಕಟ್ಟಬೇಕು. (ನನ್ನ ಮೊದಲ ಕೆಲಸದಲ್ಲಿ ನಾನೂ ಥೇಟ್ ಇದೇ ಬಗ್ ಬರೆದಿದ್ದೆ.) ಕೋಹಾದವರು ಸ್ಪ್ಯಾನ್‌ನ ಟೈಟಲ್ ಆಟ್ರಿಬ್ಯೂಟ್‌ನಲ್ಲಿ ವರ್ಷ-ತಿಂಗಳು-ದಿನ ಕ್ರಮದ ದಿನಾಂಕ ಅಡಗಿಸಿಟ್ಟು ಅದರ ಮೇಲೆ ಸಾರ್ಟ್ ಮಾಡಿದ್ರು.

ಪುಸ್ತಕದ ಹೆಸರಿನದು ಇನ್ನೂ ಸ್ವಾರಸ್ಯ. ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ ಇಂಗ್ಲಿಷ್‌ನಲ್ಲಿ ‘ಜಿ’ ಅಕ್ಷರದಡಿ ಬರಬೇಕು, ‘ಟಿ’ ಅಡಿ ಅಲ್ಲ. ಕಾರ್ಡ್ ಕ್ಯಾಟಲಾಗ್ ಕಾಲದಿಂದಲೂ ಗ್ರಂಥಪಾಲಕರ ನಿಯಮ ಅದು. 1960ರ ದಶಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಎಂಬ ಪ್ರೋಗ್ರಾಮರ್ ನೇತೃತ್ವದಲ್ಲಿ ಮಾರ್ಕ್ ಫಾರ್ಮ್ಯಾಟ್ ರೂಪುಗೊಂಡಿತು. ಅದರ 245ನೇ ಫೀಲ್ಡ್ ಶೀರ್ಷಿಕೆಯದು. ಎಷ್ಟು ಅಕ್ಷರ ಬಿಟ್ಟು ಸಾರ್ಟ್ ಮಾಡಬೇಕು ಅನ್ನೋ ಅಂಕಿ ಆ ಫೀಲ್ಡ್‌ನ ಎರಡನೇ ಇಂಡಿಕೇಟರ್‌ನಲ್ಲಿ ಕೂತಿರುತ್ತೆ. ‘ದಿ ಗೈಡ್’ಗೆ 4: ಟಿ, ಎಚ್, ಇ, ಒಂದು ಸ್ಪೇಸ್.

ಕ್ಯಾಟಲಾಗರ್‌ಗಳು ಒಂದೊಂದೇ ದಾಖಲೆಗೆ ಕೈಯಾರೆ ತುಂಬಿದ ಅಂಕಿ ಅದು. ಟೇಬಲ್ ಸಾರ್ಟ್ ಮಾಡೋ ಜಾವಾಸ್ಕ್ರಿಪ್ಟ್‌ಗೆ ಅದರ ಸುಳಿವೇ ಇಲ್ಲ. ಹಾಗಾಗಿ ‘ಆಂಟಿ-ದಿ’ ಅನ್ನೋ ತೇಪೆ ಬಂತು: ಶುರುವಿನ ‘ದಿ’ ಕಿತ್ತುಹಾಕಿ ಹೋಲಿಸು ಅಂತ. ಡೇಟಾಬೇಸ್‌ನಲ್ಲಿ ಉತ್ತರ ಇಟ್ಟುಕೊಂಡೂ ಊಹೆ ಮಾಡೋದು! ನಮ್ಮ ಕಸುಬಿನಲ್ಲಿ ಇದೇನೂ ಹೊಸದಲ್ಲ, ಬಿಡಿ.

ಕನ್ನಡಕ್ಕೆ ‘ದಿ’ ಕಾಟ ಇಲ್ಲ, ‘ಳ’ ಕಾಟ ಇದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಯೂನಿಕೋಡ್‌ನ ಕನ್ನಡ ವಿಭಾಗ ಇಸ್ಕಿಯನ್ನು ಅನುಸರಿಸಿ ದೇವನಾಗರಿಗೆ ಸಮಾನಾಂತರವಾಗಿ ಜೋಡಿಸಿದ್ದು. ಅಲ್ಲಿ ಳ ಕೂತಿರೋದು ಲ ಪಕ್ಕ, ವ ಮುಂಚೆ. ಬರೀ ಕೋಡ್ ಸಂಖ್ಯೆ ಹೋಲಿಸಿದ್ರೆ ‘ಕಳಸ’ ಮೊದಲು, ‘ಕವನ’ ಆಮೇಲೆ, ನಿಘಂಟಿನಲ್ಲಿ ಉಲ್ಟಾ. ನಿಮ್ಮ ಲೈಬ್ರರಿ ಅಕೌಂಟ್‌ನಲ್ಲಿ ಕನ್ನಡ ಪುಸ್ತಕ ಇದ್ರೆ ಹೆಡಿಂಗ್ ಮೇಲೊಮ್ಮೆ ಕ್ಲಿಕ್ ಮಾಡಿ. ಳ ಎಲ್ಲಿ ಕೂತಿದೆ ಅಂತ ನನಗೂ ತಿಳಿಸಿ.