ಕ್ವಾರ್ಟ್ಸ್ ಕೈಗಡಿಯಾರ ಮತ್ತು ಮೈಶಾಖ

1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಕಂಪನಿಯು ಟೋಕಿಯೋದಲ್ಲಿ ಕ್ವಾರ್ಟ್ಸ್ ಹರಳಿನ 'ಅಸ್ಟ್ರಾನ್' ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಬೆಲೆ 4,50,000 ಯೆನ್. ಆ ಹಣಕ್ಕೆ ಅಲ್ಲಿ ಸಣ್ಣ ಕಾರೇ ಬರುತ್ತಿತ್ತು! ತಪ್ಪು ತಿಂಗಳಿಗೆ 5 ಸೆಕೆಂಡು ಮಾತ್ರ.

ಮುಂದೆ ರೂಢಿಗೆ ಬಂದದ್ದು ಸೆಕೆಂಡಿಗೆ 32,768 ಬಾರಿ ಕಂಪಿಸುವ, ಶ್ರುತಿಕವೆಯಾಕಾರದ ಹರಳು. ಈ ಸಂಖ್ಯೆಯೇ ಏಕೆ? ಅದು 2ರ 15ನೇ ಘಾತ. ಹದಿನೈದು ಸಲ ಅರ್ಧಿಸಿದರೆ ಸೆಕೆಂಡಿಗೊಂದು ಮಿಡಿತ ದೊರೆಯುತ್ತದೆ. ಆದರೆ ಉಷ್ಣತೆ ಇದನ್ನು ಕೆಡಿಸುತ್ತದೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವೃತ್ತಿ ಗರಿಷ್ಠ. ಅಲ್ಲಿಂದ ಎತ್ತ ಸರಿದರೂ, ಸರಿದ ಡಿಗ್ರಿಗಳ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 10 ಡಿಗ್ರಿ ಸರಿದರೆ ದಿನಕ್ಕೆ ಸುಮಾರು 0.3 ಸೆಕೆಂಡು ನಷ್ಟ.

1975ರಲ್ಲಿ ಸಿಟಿಜನ್ ಕಂಪನಿ (1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಗೆ ನೆರವಾದದ್ದೂ ಇದೇ) ಹರಳನ್ನು ಬೇರೊಂದು ಕೋನದಲ್ಲಿ ಕತ್ತರಿಸಿ 41,94,304 ಹರ್ಟ್ಸ್‌ನಲ್ಲಿ ಕಂಪಿಸುವಂತೆ ಮಾಡಿತು. ತಪ್ಪು ವರ್ಷಕ್ಕೆ 3 ಸೆಕೆಂಡಿಗೆ ಇಳಿಯಿತು. ಬ್ಯಾಟರಿಗೆ ಮಾತ್ರ ಹೊರೆ. 1978ರ ಸೀಕೋ ಉಪಾಯ ನನಗೆ ಹೆಚ್ಚು ಮೆಚ್ಚುಗೆ: ಎರಡು ಹರಳುಗಳ ಆವೃತ್ತಿಗಳ ವ್ಯತ್ಯಾಸದಿಂದ ಉಷ್ಣತೆಯನ್ನು ಅರಿತು ತಪ್ಪನ್ನು ತಿದ್ದುವುದು. ಹರಳೇ ಉಷ್ಣತಾಮಾಪಕ!

ಇಂಥ ತಿದ್ದುಪಡಿಯಿಲ್ಲದ ಗಡಿಯಾರಕ್ಕೆ ಮಣಿಕಟ್ಟೇ ಉಷ್ಣತಾ ನಿಯಂತ್ರಕ. ಆದ್ದರಿಂದ ಹಳೆಯ ಗಡಿಯಾರ ಸಂಗ್ರಹಿಸುವವರು ಚೈನನ್ನು ಬರಿಯ ಅಲಂಕಾರವೆನ್ನಲಾಗದು. ಅದು ಸಡಿಲವಾಗಿ ತೂಗಾಡಿದರೆ ಹಿಂಬದಿಯ ಮುಚ್ಚಳ ಚರ್ಮಕ್ಕೆ ತಾಗದು. ಬಾಣದ ಗುರುತಿನ ದಿಕ್ಕಿಗೆ ಪಿನ್ನು ತಳ್ಳಿ, ಎರಡೂ ಬದಿಯಿಂದ ಒಂದೊಂದು ಕೊಂಡಿ ತೆಗೆದರೆ ಸಾಮಾನ್ಯವಾಗಿ ಸಾಕು. ಬಳಿಕ ಒಂದು ತಿಂಗಳು ಕೈಯಲ್ಲಿ, ಇನ್ನೊಂದು ತಿಂಗಳು ಮೇಜಿನ ಖಾನೆಯಲ್ಲಿಟ್ಟು, ಆಕಾಶವಾಣಿಯ ಸಮಯ ಸಂಕೇತದೊಡನೆ ಹೋಲಿಸಿ ಬರೆದಿಡಿ.