ರಾಸುಗಳಲ್ಲಿ ಸಾಂಕ್ರಾಮಿಕ ಕರುಳು ರೋಗ: ಕಾರಣ ಪತ್ತೆ
(ಬ್ಯಾಡರಹಳ್ಳಿ ಹಾಗೂ ಸುತ್ತಮುತ್ತಲಿನ ಜಾನುವಾರು ಮಾಲೀಕರ ಮಾಹಿತಿಗಾಗಿ)

ಹಿನ್ನೆಲೆ
ತೀವ್ರ ಭೇದಿಯಿಂದ ಹಿಂಡುಗಳನ್ನೇ ನಾಶಪಡಿಸುತ್ತಿದ್ದ ದೊಡ್ಡರೋಗದ ನಿಯಂತ್ರಣಕ್ಕಾಗಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಅದೇ ಇಂದಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. 2011ರಲ್ಲಿ ದೊಡ್ಡರೋಗವು ಜಗತ್ತಿನಿಂದಲೇ ನಿರ್ಮೂಲನೆಯಾಗಿದೆಯೆಂದು ಘೋಷಿಸಲಾಯಿತು. ಆದರೆ ಇತರ ಕರುಳು ರೋಗಗಳು ಉಳಿದಿದ್ದು, ಭೇದಿಯೊಂದನ್ನೇ ನೋಡಿ ಕಾರಣವನ್ನು ನಿರ್ಧರಿಸಲಾಗದು.

ಪ್ರಮುಖ ಕಾರಣಗಳು
1. ಎಳೆಗರುಗಳಲ್ಲಿ: ಇ. ಕೋಲೈ ಮತ್ತು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ರೋಟಾವೈರಸ್ ಹಾಗೂ ರಕ್ತಭೇದಿಗೆ ಕಾರಣವಾಗುವ ಕಾಕ್ಸಿಡಿಯಾ.
2. ಬೆಳೆದ ರಾಸುಗಳಲ್ಲಿ: ಜೋನ್ಸ್ ರೋಗ. ಕರುವಾಗಿದ್ದಾಗ ತಗುಲಿದ ಸೋಂಕು ಸಾಮಾನ್ಯವಾಗಿ ಎರಡು ವರ್ಷಗಳ ನಂತರವೇ ಪ್ರಕಟವಾಗುತ್ತದೆ. ಮೇವು ತಿನ್ನುತ್ತಿದ್ದರೂ ರಾಸು ಬಡಕಲಾಗುತ್ತದೆ. ಇದನ್ನು ಗುಣಪಡಿಸುವ ಚಿಕಿತ್ಸೆಯಿಲ್ಲ.

ತಪಾಸಣಾ ವಿಧಾನ
ಸಾಧ್ಯವಾದಷ್ಟೂ ಔಷಧ ನೀಡುವ ಮೊದಲೇ ಹಸಿ ಸಗಣಿ ಮತ್ತು ರಕ್ತದ ಮಾದರಿಗಳನ್ನು ಪಶುವೈದ್ಯರು ಸಂಗ್ರಹಿಸಿ, ಮಂಜುಗಡ್ಡೆಯಲ್ಲಿರಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆ್ಯಂಟಿಬಯಾಟಿಕ್ ನೀಡಿದ ನಂತರ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಬಹುದು. ರಾಸು ಮೃತಪಟ್ಟಲ್ಲಿ ಮರಣೋತ್ತರ ಪರೀಕ್ಷೆಯಿಂದ ಕಾರಣ ತಿಳಿಯುವ ಸಾಧ್ಯತೆಯಿದೆ. ಆದ್ದರಿಂದ ಪಶುವೈದ್ಯರಿಗೆ ತಿಳಿಸದೆ ಶವವನ್ನು ಹೂಳಬಾರದು.

ಮಾಲೀಕರು ಅನುಸರಿಸತಕ್ಕ ಕ್ರಮಗಳು
1. ರೋಗಪೀಡಿತ ರಾಸನ್ನು ಕೂಡಲೇ ಪ್ರತ್ಯೇಕಿಸತಕ್ಕದ್ದು. ಅದರ ಸಗಣಿಯು ಮೇವು, ನೀರಿಗೆ ತಾಗದಂತೆ ನೋಡಿಕೊಳ್ಳತಕ್ಕದ್ದು.
2. ಕಾರಣ ತಿಳಿಯುವವರೆಗೆ ರಾಸನ್ನು ಮಾರಬಾರದು. ಮಾರಿದಲ್ಲಿ ರೋಗವು ಮತ್ತೊಬ್ಬರ ಕೊಟ್ಟಿಗೆಗೆ ಹರಡುತ್ತದೆ.
3. ಸಮೀಪದ ಪಶುವೈದ್ಯ ಸಂಸ್ಥೆಗೆ ಅಥವಾ ಶುಲ್ಕರಹಿತ ಸಹಾಯವಾಣಿ 1962ಕ್ಕೆ ತಿಳಿಸತಕ್ಕದ್ದು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009ರ ಪ್ರಕಾರ ಅನುಸೂಚಿತ ರೋಗದ ಶಂಕೆಯನ್ನು ವರದಿ ಮಾಡುವುದು ಮಾಲೀಕರ ಕರ್ತವ್ಯವಾಗಿರುತ್ತದೆ.